ನಿಂತ ಗಾಡಿಯ ಹೊಗೆ ಯಾರ ಎದೆಗೆ?



ಓಡುವ ಗಾಡಿ ಹೊಗೆ ಬಿಡುತ್ತದೆಂಬುದು ಎಲ್ಲರಿಗೂ ತಿಳಿದ ಸಂಗತಿ. ನಿಂತ ಗಾಡಿಯೂ ಹೊಗೆ ಬಿಡುತ್ತದೆ. ಓಡುವ ಗಾಡಿಯ ಹೊಗೆ ದಾರಿಯುದ್ದಕ್ಕೂ ಹಂಚಿಹೋದರೆ, ನಿಂತ ಗಾಡಿಯ ಹೊಗೆ ಒಂದೇ ಕಿಟಕಿಯೊಳಗೆ, ಒಂದೇ ನಾಲ್ಕು ಜನರ ಎದೆಯೊಳಗೆ ಹೋಗುತ್ತದೆ. ಆ ನಾಲ್ಕು ಜನ ಬಹುಮಟ್ಟಿಗೆ ನಮ್ಮವರೇ. ಆದುದರಿಂದ ಈ ವಿಷಯವಾಗಿ ಎರಡು ಮಾತು ಬರೆಯಬೇಕಾಗಿದೆ. ಮೋಟಾರಿನ ವಿಷಯ ಹೊಟೇಲು ಕಾರ್ಮಿಕರಿಗೇಕೆ ಎಂದು ಯಾರೂ ಪುಟ ಮಗುಚಬಾರದೆಂದು ವಿನಂತಿ.

ನಮ್ಮ ವಡಾಲವನ್ನೇ ನೋಡಿರಿ. ಒಂದು ಕಡೆ ಟ್ರಕ್ ಟರ್ಮಿನಲ್ಲು ಮತ್ತು ಆರ್.ಟಿ.ಓ. ಕಚೇರಿ, ಇನ್ನೊಂದು ಕಡೆ ಆಂಟಾಪ್ ಹಿಲ್ಲಿನ ಗೋದಾಮುಗಳು. ನಡುವೆ ಚಾಳುಗಳು, ಶಾಲೆಗಳು, ನಮ್ಮವರ ಹೊಟೇಲುಗಳು. ತರಕಾರಿಯ ಸಗಟು ಮಂಡಿ ಖಾಡಿ ದಾಟಿ ವಾಶಿಗೆ ಹೋದ ಮೇಲೆ, ಹೊಟೇಲಿಗೆ ಬೇಕಾದ ಟೊಮೇಟೊ, ಬಟಾಟೆ, ತೆಂಗಿನಕಾಯಿಗಳೆಲ್ಲ ಸಣ್ಣ ಡೀಸೆಲ್ ಪಿಕಪ್ ಗಾಡಿಗಳ ಬೆನ್ನಿನ ಮೇಲೆಯೇ ಬರುತ್ತವೆ. ಬೆಳಗಿನ ಜಾವ ನಾಲ್ಕಕ್ಕೆ ಹಿಂದಿನ ಗಲ್ಲಿಯಲ್ಲಿ ಬಂದು ನಿಲ್ಲುತ್ತವೆ. ನಿಂತ ಮೇಲೂ ಎಂಜಿನು ನಿಲ್ಲುವುದಿಲ್ಲ.

ಹೋದ ಮಳೆಗಾಲದಲ್ಲಿ ಇಂಥದೊಂದು ಗಲ್ಲಿಯಲ್ಲಿ ಜಗಳವಾಯಿತು. ಹೊಟೇಲಿನ ಹೆಸರು ಇಲ್ಲಿ ಬೇಡ. ಕಥೆ ಒಂದು ಹೊಟೇಲಿನದಲ್ಲ. ಅಡಿಗೆಮನೆಯ ಮೇಲಿನ ಅಟ್ಟದಲ್ಲಿ ಆರು ಜನ ಮಲಗುತ್ತಾರೆ. ಅಟ್ಟಕ್ಕೆ ಒಂದೇ ಕಿಟಕಿ, ಅದು ತೆರೆಯುವುದು ಗಲ್ಲಿಗೆ. ಕೆಳಗೆ ಪಿಕಪ್ಪು ಬಂದು ನಿಂತು ಮುಕ್ಕಾಲು ಗಂಟೆಯಿಂದ ಗುಡುಗುಡು ಎನ್ನುತ್ತಿತ್ತು. ಮಳೆಯೆಂದು ಕಿಟಕಿ ಮುಚ್ಚಿದರೆ ಸೆಕೆ, ತೆರೆದರೆ ಹೊಗೆ. ಪಾತ್ರೆ ತೊಳೆಯುವ ಹುಡುಗನೊಬ್ಬ ಕೆಮ್ಮಿ ಕೆಮ್ಮಿ ವಾಂತಿ ಮಾಡಿಕೊಂಡ. ಕುಂದಾಪುರದ ಕಡೆಯ ಭಟ್ಟರೊಬ್ಬರು, ಅಲ್ಲಿಯ ಹಿರಿಯ ಅಡಿಗೆಯವರು, ಕೆಳಗಿಳಿದು ಕೂಗಿದರು: "ಹ್ವಾಯ್ ಮಾರಾಯ್ರೆ, ಗಾಡಿ ಬಂದ್ ಮಾಡಿ! ಮೇಲೆ ಮಕ್ಕಳ ಉಸ್ರು ಕಟ್ತಾ ಇತ್ತ್!" ಡ್ರಾಯವರನು ಕಾಚು ಇಳಿಸಲಿಲ್ಲ. ಮಾತಿಗೆ ಮಾತು ಬೆಳೆಯಿತು. ಯಾರೋ ಒಂದು ಬಾಲ್ದಿ ನೀರನ್ನು ಗಾಡಿಯ ಮೇಲೆ ಸುರಿದರು. ಮರುದಿನ ವಿಷಯ ಸಂಘದ ಬಾಗಿಲಿಗೆ ಬಂತು.

ನಾವು ಹೋದೆವು. ಮೊದಲು ನಮ್ಮ ಮನಸ್ಸೂ ಅಡಿಗೆಯವರ ಕಡೆಗೇ ಇತ್ತೆಂದು ಒಪ್ಪಿಕೊಳ್ಳುತ್ತೇವೆ. ನಾವೂ ಏಳನೆಯ ಇಯತ್ತೆ ಮುಗಿಸಿ ಬಂದು ಇಂಥದೇ ಅಟ್ಟದಲ್ಲಿ ಮಲಗಿ ಎದ್ದವರು. ಆದರೆ ಡ್ರಾಯವರನ ಮಾತನ್ನೂ ಕೇಳಬೇಕಲ್ಲ? ಆತ ಬಿಜಾಪುರದ ಕಡೆಯವನು. ಹೇಳಿದ್ದು ಇಷ್ಟು: "ಅಣ್ಣಾರ, ಬಂದ್ ಮಾಡಿದ್ರ ಮತ್ತ ಚಾಲೂ ಆಗೂದಿಲ್ರಿ. ಬ್ಯಾಟರಿ ಸತ್ತು ತಿಂಗಳಾತು. ನಾಕ್ ಗಂಟೆಕ್ಕ ದೂಡಾಕ ಯಾರ ಬರ್ತಾರ್ರಿ? ಶೇಠ್ ಬ್ಯಾಟರಿ ಕೊಡ್ಸೂದ್ ಬಿಟ್ಟು ಮಿಸ್ತ್ರಿಗೆ ಹೇಳಿ ಸ್ಲೋ ಸ್ಪೀಡ್ ಏರ್ಸ್ಯಾನ್ರಿ."

ಇಷ್ಟು ಹೊತ್ತು ಏಕೆ ನಿಲ್ಲಿಸಿಕೊಂಡಿದ್ದೆ ಎಂದು ಕೇಳಿದರೆ ಅದಕ್ಕೂ ಉತ್ತರವಿತ್ತು. ಸಾಮಾನು ತೂಗಿ ಒಳಗೆ ತೆಗೆದುಕೊಳ್ಳಬೇಕಾದ ಸ್ಟೋರಿನವನು ಬರುವುದು ಐದೂವರೆಗೆ. ಬೀಗದ ಕೈ ಅವನೊಬ್ಬನ ಹತ್ತಿರ. ಅಲ್ಲಿಯವರೆಗೆ ಗಾಡಿ ನಿಲ್ಲಬೇಕು, ಎಂಜಿನು ತಿರುಗಬೇಕು, ಅಟ್ಟದವರು ಕೆಮ್ಮಬೇಕು. ಬ್ಯಾಟರಿ ಕೊಡಿಸದವರು ಗಲ್ಲಿಯಲ್ಲಿರಲಿಲ್ಲ. ಬೀಗದ ಕೈಗೆ ವ್ಯವಸ್ಥೆ ಮಾಡದವರೂ ಇರಲಿಲ್ಲ. ಇದ್ದವರು ಕುಂದಾಪುರದವನೊಬ್ಬ, ಬಿಜಾಪುರದವನೊಬ್ಬ, ಹೊಡೆದಾಡಿಕೊಂಡವರೂ ಅವರೇ.

ಸ್ಲೋ ಸ್ಪೀಡ್ ಏರಿಸುವುದೆಂದರೇನು? ನಮ್ಮಂಥ ಅಡಿಗೆಮನೆಯವರಿಗೆ ತಿಳಿಯುವಂತೆ ಹೇಳಲು ಯತ್ನಿಸುತ್ತೇವೆ. ಡೀಸೆಲ್ ಎಂಜಿನಿನಲ್ಲಿ ಪೆಟ್ರೋಲಿನ ಎಂಜಿನಿನಂತೆ ಕಿಡಿ ಹೊಡೆಯುವ ಪ್ಲಗ್ಗು ಇಲ್ಲ. ಗಾಳಿಯನ್ನೇ ಬಿಗಿಯಾಗಿ ಅದುಮಿದರೆ ಅದು ಕೆಂಡದಂತೆ ಕಾಯುತ್ತದೆ. ಅದರೊಳಕ್ಕೆ ಎಣ್ಣೆಯನ್ನು ಸಣ್ಣಗೆ ಚಿಮ್ಮಿಸಿದರೆ ತಾನಾಗಿ ಹೊತ್ತಿಕೊಳ್ಳುತ್ತದೆ. ಗಾಡಿ ನಿಂತಿರುವಾಗ ಎಂಜಿನು ಆರಿಹೋಗದಂತೆ ಸ್ವಲ್ಪವೇ ಎಣ್ಣೆಯನ್ನು ಬಿಡುತ್ತಿರಬೇಕು. ಸಣ್ಣ ಗಾಡಿಗಳಲ್ಲಿ ಇದು ನಿಮಿಷಕ್ಕೆ ಸುಮಾರು ೭೫೦ರಿಂದ ೮೫೦ ಸುತ್ತು. ಒಲೆಯನ್ನು ಆರಿಸದೆ ಸಣ್ಣ ಉರಿಯಲ್ಲಿಟ್ಟಂತೆ. ಹಳೆಯ ಗಾಡಿಗಳ ಪಂಪಿನಲ್ಲಿ ಇದಕ್ಕೆಂದು ಒಂದು ಸ್ಕ್ರೂ ಇದೆ. ಮಿಸ್ತ್ರಿಯು ನಟ್ಟು ಸಡಿಲಿಸಿ ಅದನ್ನು ತಿರುವಿದರೆ ಸುತ್ತು ಸಾವಿರಕ್ಕೆ, ಸಾವಿರದ ಇನ್ನೂರಕ್ಕೆ ಏರುತ್ತದೆ. ಎರಡು ನಿಮಿಷದ ಕೆಲಸ.

ಸುತ್ತು ಏರಿಸುವುದು ಯಾವಾಗಲೂ ತಪ್ಪೆಂದು ನಾವು ಹೇಳುವುದಿಲ್ಲ. ಅಮೆರಿಕ, ಕೆನಡಗಳಲ್ಲಿ ಹಿಮ ಬೀಳುವ ಕಾಲದಲ್ಲಿ ಡೀಸೆಲ್ ಗಾಡಿಯವರು ಸುತ್ತು ಏರಿಸಿಯೇ ನಿಲ್ಲಿಸುತ್ತಾರೆ. ಇಲ್ಲವಾದರೆ ಎಂಜಿನು ಬೆಚ್ಚಗೆ ಉಳಿಯುವುದಿಲ್ಲ, ಎಣ್ಣೆ ಅರ್ಧ ಉರಿದು ಮಸಿಯಾಗುತ್ತದೆ. ಅಲ್ಲಿ ಗಾಡಿ ಮಾಡುವವರೇ ಅದಕ್ಕೆ ಸ್ವಿಚ್ಚು ಇಡುವುದುಂಟು. ನಮ್ಮಲ್ಲಿಯೂ ಮೀನು, ಐಸ್‌ಕ್ರೀಮು ತರುವ ತಣ್ಣನೆಯ ಪೆಟ್ಟಿಗೆಯ ಗಾಡಿಗಳುಂಟು. ಕೆಲವುಗಳಲ್ಲಿ ಪೆಟ್ಟಿಗೆಯ ಕಂಪ್ರೆಸರು ಎಂಜಿನಿನ ಬೆಲ್ಟಿನಿಂದಲೇ ತಿರುಗುತ್ತದೆ. ಎಂಜಿನು ನಿಂತರೆ ಮಾಲು ಕೆಡುತ್ತದೆ. ಇವೆಲ್ಲ ನಿಜವಾದ ಕಾರಣಗಳು. ಆದರೆ ವಡಾಲದಲ್ಲಿ ಯಾವ ಹಿಮ ಬೀಳುತ್ತದೆ? ಟೊಮೇಟೊ ತುಂಬಿದ ಗಾಡಿಗೆ ಯಾವ ಕಂಪ್ರೆಸರು? ಇಲ್ಲಿ ಸುತ್ತು ಏರಿಸುವುದು ರೋಗವನ್ನು ಮುಚ್ಚಲಿಕ್ಕೆ. ಬ್ಯಾಟರಿ ಸತ್ತಿರುತ್ತದೆ, ಡೀಸೆಲ್ ಫಿಲ್ಟರಿನಲ್ಲಿ ಕಸ ಕಟ್ಟಿರುತ್ತದೆ, ಎಣ್ಣೆ ಚಿಮ್ಮಿಸುವ ನಾಜಲು ಸವೆದಿರುತ್ತದೆ, ಎಂಜಿನು ನಡುಗುತ್ತದೆ. ಇವನ್ನು ಸರಿಪಡಿಸಲು ದುಡ್ಡು ಬೇಕು. ಸ್ಕ್ರೂ ತಿರುವಲು ಮಿಸ್ತ್ರಿಗೆ ಒಂದು ಚಹಾ ಸಾಕು. ಹುಳಿ ಬಂದ ಸಾಂಬಾರಿಗೆ ಇನ್ನೊಂದು ಮುಷ್ಟಿ ಖಾರ ಹಾಕಿ ಬಡಿಸಿದಂತೆ.

ಹೊಸ ಗಾಡಿಗಳಲ್ಲಿ ಈ ಸ್ಕ್ರೂ ಇಲ್ಲ. ಸುತ್ತನ್ನು ನಿರ್ಧರಿಸುವುದು ಒಂದು ಸಣ್ಣ ಕಂಪ್ಯೂಟರು. ಆದರೂ ಆಕ್ಸಿಲರೇಟರಿನ ಮೇಲೆ ಕಲ್ಲೋ ಕಟ್ಟಿಗೆಯ ತುಂಡೋ ಇಟ್ಟು ಸುತ್ತು ಏರಿಸುವ ಜಾಣರನ್ನು ಕಂಡಿದ್ದೇವೆ. ಅವರು ಒಂದು ಮಾತು ನೆನಪಿಡಬೇಕು. ೨೦೨೦ರ ಏಪ್ರಿಲ್ ೧ರಿಂದ ಜಾರಿಗೆ ಬಂದ ಭಾರತ್ ಸ್ಟೇಜ್ ೬ ನಿಯಮದ ಪ್ರಕಾರ ತಯಾರಾದ ಡೀಸೆಲ್ ಗಾಡಿಗಳ ಹೊಗೆಕೊಳವೆಯಲ್ಲಿ ಮಸಿಯನ್ನು ಹಿಡಿಯುವ ಜಾಲರಿಯೊಂದಿದೆ. ಗಾಡಿ ಚೆನ್ನಾಗಿ ಓಡಿ ಹೊಗೆ ಕಾದರೆ ಆ ಮಸಿ ಅಲ್ಲಿಯೇ ಸುಟ್ಟು ಬೂದಿಯಾಗುತ್ತದೆ. ಗಾಡಿ ಗಂಟೆಗಟ್ಟಲೆ ನಿಂತೇ ಉರಿದರೆ ಹೊಗೆ ಕಾಯುವುದಿಲ್ಲ, ಜಾಲರಿ ಕಟ್ಟಿಕೊಳ್ಳುತ್ತದೆ, ಕೊನೆಗೆ ಎಂಜಿನಿನ ಶಕ್ತಿಯೇ ಇಳಿದುಹೋಗುತ್ತದೆ. ಆಗ ಶೇಠ್ ಯಾರ ಪಗಾರದಿಂದ ಹಿಡಿಯುತ್ತಾರೆಂಬುದನ್ನು ಹೇಳಬೇಕಾಗಿಲ್ಲ.

ಇನ್ನು ಹೊಗೆಯ ಮಾತು. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಕ್ಯಾನ್ಸರ್ ಸಂಶೋಧನಾ ಮಂಡಲಿಯು ೨೦೧೨ರ ಜೂನ್ ತಿಂಗಳಲ್ಲಿ ಡೀಸೆಲ್ ಹೊಗೆಯನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲನೆಯ ಗುಂಪಿಗೆ ಸೇರಿಸಿತು. ತಂಬಾಕಿನ ಹೊಗೆ, ಕಲ್ನಾರು ಇರುವ ಗುಂಪು ಅದೇ. ಗಾಳಿಯಲ್ಲಿನ ಅತಿ ಸಣ್ಣ ಧೂಳು ವರ್ಷದ ಸರಾಸರಿಯಲ್ಲಿ ಘನಮೀಟರಿಗೆ ೫ ಮೈಕ್ರೋಗ್ರಾಮಿಗಿಂತ ಹೆಚ್ಚಿರಬಾರದೆಂದು ಅದೇ ವಿಶ್ವ ಸಂಸ್ಥೆ ೨೦೨೧ರಲ್ಲಿ ಹೇಳಿತು. ನಮ್ಮ ದೇಶದ ೨೦೦೯ರ ನಿಯಮ ೪೦ರವರೆಗೆ ಬಿಡುತ್ತದೆ. ಗಾಡಿಗೆ ಪಿ.ಯು.ಸಿ. ಚೀಟಿ ಇದೆಯಲ್ಲ ಎಂದು ಯಜಮಾನರು ತೋರಿಸಬಹುದು. ಆ ಪರೀಕ್ಷೆಯಲ್ಲಿ ಡೀಸೆಲ್ ಗಾಡಿಯ ಆಕ್ಸಿಲರೇಟರನ್ನು ಒಮ್ಮೆಲೇ ಒತ್ತಿ, ಹೊಗೆ ಎಷ್ಟು ದಟ್ಟವೆಂದು ನೋಡುತ್ತಾರೆ. ಹಳೆಯ ಗಾಡಿಗೆ ೬೫ ಅಂಶ, ಭಾರತ್ ಸ್ಟೇಜ್ ೪ರ ಗಾಡಿಗೆ ೫೦ ಅಂಶ ಮಿತಿ. ಅದು ಕೆಲವು ಕ್ಷಣಗಳ ಹೊಗೆಯ ಲೆಕ್ಕ. ಅಟ್ಟದ ಕಿಟಕಿಯ ಕೆಳಗೆ ಒಂದೂವರೆ ಗಂಟೆ ನಿಂತದ್ದಕ್ಕೆ ಅದರಲ್ಲಿ ಕಾಲಮ್ಮೇ ಇಲ್ಲ.

ನಮ್ಮ ಗಿರಣಿಯ ಹಿರಿಯರಿಗೆ ಇದು ಹೊಸ ಪಾಠವಲ್ಲ. ಹತ್ತಿಯ ಧೂಳು ಕುಡಿದು ವಾರದ ರಜೆ ಮುಗಿಸಿ ಸೋಮವಾರ ಖಾತೆಗೆ ಹೋದ ಕೂಡಲೇ ಎದೆ ಬಿಗಿಯುತ್ತಿದ್ದುದನ್ನು ಅವರು ಬಲ್ಲರು. ಎಷ್ಟೋ ಜನ ಅದನ್ನು ಬೀಡಿಯ ಕೆಮ್ಮು ಎಂದುಕೊಂಡೇ ಊರಿಗೆ ಹೋದರು. ಆ ಕೆಮ್ಮಿಗೆ ಬಿಸಿನೋಸಿಸ್ ಎಂಬ ಹೆಸರಿದೆ, ಅದು ಕಾರ್ಮಿಕರ ಪರಿಹಾರ ಕಾನೂನಿನ ರೋಗಪಟ್ಟಿಯಲ್ಲಿ ಸೇರಿತ್ತು ಎಂಬುದು ಅವರಲ್ಲಿ ಹಲವರಿಗೆ ತಿಳಿದಿರಲೇ ಇಲ್ಲ. ೧೯೮೨ರ ಜನವರಿಯ ದೊಡ್ಡ ಮುಷ್ಕರದ ನಂತರ ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಚಿಮಣಿಗಳಿದ್ದಲ್ಲಿ ಗಾಜಿನ ಕಟ್ಟಡಗಳೆದ್ದವು. ಗಿರಣಿಯವರ ಮಕ್ಕಳಲ್ಲಿ ಕೆಲವರು ಟೆಂಪೊ ಹತ್ತಿದರು, ಕೆಲವರು ಹೊಟೇಲು ಸೇರಿದರು. ಅಪ್ಪನ ಎದೆಗೆ ಹತ್ತಿ, ಮಗನ ಎದೆಗೆ ಡೀಸೆಲು. ಅಪ್ಪ ಹೆಸರು ತಿಳಿಯದೆ ಕೆಮ್ಮಿದ. ಮಗ ತಿಳಿದೂ ಸುಮ್ಮನಿರಬೇಕೆ?

ಯಜಮಾನರು ಎದೆಯ ಮಾತನ್ನು ಕೇಳದಿದ್ದರೆ ಜೇಬಿನ ಮಾತನ್ನು ಕೇಳಲಿ. ಪಿಕಪ್ಪಿನಂಥ ಗಾಡಿ ನಿಂತಲ್ಲೇ ಉರಿದರೆ ಗಂಟೆಗೆ ಸುಮಾರು ಅರ್ಧದಿಂದ ಒಂದು ಲೀಟರ್ ಡೀಸೆಲ್ ಹೋಗುತ್ತದೆ. ಸುತ್ತು ಏರಿಸಿದರೆ ಅದಕ್ಕಿಂತ ಹೆಚ್ಚು. ಮುಕ್ಕಾಲು ಲೀಟರೆಂದೇ ಹಿಡಿಯೋಣ. ದಿನಕ್ಕೆ ಎರಡು ಗಂಟೆಯಾದರೆ ಒಂದೂವರೆ ಲೀಟರ್. ೨೦೨೫ರಲ್ಲಿ ಮುಂಬಯಿಯಲ್ಲಿದ್ದಂತೆ ಲೀಟರಿಗೆ ಸುಮಾರು ೯೦ ರೂಪಾಯಿ ಎಂದರೆ ದಿನಕ್ಕೆ ೧೩೫ ರೂಪಾಯಿ, ೨೬ ದಿನಕ್ಕೆ ೩೫೧೦ ರೂಪಾಯಿ. ಐದಾರು ಸಾವಿರದ ಬ್ಯಾಟರಿಯನ್ನು ಉಳಿಸಲಿಕ್ಕೆ ಎರಡೇ ತಿಂಗಳಲ್ಲಿ ಏಳು ಸಾವಿರ ಸುಟ್ಟವರನ್ನು ಜಾಣರೆನ್ನಬೇಕೋ ಏನೆನ್ನಬೇಕೋ ಓದುಗರೇ ಹೇಳಲಿ. ಗಾಡಿಯನ್ನು ನಿಲ್ಲಿಸಿ ಮತ್ತೆ ಚಾಲೂ ಮಾಡಿದರೆ ಹೆಚ್ಚು ಎಣ್ಣೆ ತಿನ್ನುತ್ತದೆಂಬ ಮಾತೊಂದು ಡ್ರಾಯವರ ಬಂಧುಗಳಲ್ಲಿದೆ. ಕಾದ ಎಂಜಿನು ಚಾಲೂ ಆಗಲು ತಿನ್ನುವುದು ಬಹಳ ಸ್ವಲ್ಪ; ಒಂದು ನಿಮಿಷಕ್ಕಿಂತ ಹೆಚ್ಚು ನಿಲ್ಲುವುದಿದ್ದರೆ ಬಂದ್ ಮಾಡುವುದೇ ಲಾಭ. ಒಂದು ಎಚ್ಚರಿಕೆ ಮಾತ್ರ ಬೇಕು. ಟರ್ಬೋ ಇರುವ ಗಾಡಿ ಭಾರ ಹೊತ್ತು ಜೋರಾಗಿ ಓಡಿ ಬಂದಿದ್ದರೆ, ಒಂದೆರಡು ನಿಮಿಷ ಸಣ್ಣ ಸುತ್ತಿನಲ್ಲಿ ತಣಿಯಲು ಬಿಟ್ಟು ಆಮೇಲೆ ಬಂದ್ ಮಾಡಬೇಕು. ಒಂದೆರಡು ನಿಮಿಷ, ಒಂದೂವರೆ ಗಂಟೆಯಲ್ಲ.

ಈಗ ಮುಖ್ಯವಾದ ಮಾತಿಗೆ ಬರೋಣ. ಗಾಡಿ ಕಾಯುವುದೇಕೆ? ಕಾಯುವವನ ಹೊತ್ತಿಗೆ ಬೆಲೆಯಿಲ್ಲದ್ದರಿಂದ. ೧೯೬೧ರ ಮೋಟಾರು ಸಾರಿಗೆ ಕಾರ್ಮಿಕರ ಕಾನೂನು ದಿನಕ್ಕೆ ಎಂಟು ಗಂಟೆ, ವಾರಕ್ಕೆ ನಲವತ್ತೆಂಟು ಗಂಟೆ ಎಂದು ಗೊತ್ತುಮಾಡಿತು. ಕೆಲಸದ ಹೊತ್ತೆಂದರೇನು ಎಂಬುದನ್ನೂ ಅದು ಹೇಳಿತು: ಕಾರ್ಮಿಕನು ಯಜಮಾನನ ಅಪ್ಪಣೆಗೆ ಒಳಪಟ್ಟಿರುವ ಹೊತ್ತು. ಅದರಲ್ಲಿ ಗಾಡಿ ಓಡಿಸುವ ಹೊತ್ತು, ಅದಕ್ಕೆ ಸೇರಿದ ಇತರ ಕೆಲಸದ ಹೊತ್ತು, ಮತ್ತು ಟರ್ಮಿನಲ್ಲಿನಲ್ಲಿ ಹದಿನೈದು ನಿಮಿಷಕ್ಕಿಂತ ಕಡಿಮೆ ಕಾಲ ಸುಮ್ಮನೆ ಹಾಜರಿರುವ ಹೊತ್ತು ಸೇರಿದುವು. ಈ ಹದಿನೈದು ನಿಮಿಷದ ಮಾತನ್ನು ಹಿಡಿದು, ಅದಕ್ಕಿಂತ ಹೆಚ್ಚು ಕಾದದ್ದು ಕೆಲಸವೇ ಅಲ್ಲವೆಂದು ಯಜಮಾನರು ವಾದಿಸಬಹುದು. ನಾವು ಕೇಳುವುದಿಷ್ಟೆ: ಹೊಟೇಲಿನ ಹಿಂದಿನ ಗಲ್ಲಿ ಟರ್ಮಿನಲ್ಲೇ? ಮಾಲನ್ನು ಬಿಟ್ಟು ಡ್ರಾಯವರನು ಮನೆಗೆ ಹೋಗಬಹುದೇ? ಹೋಗುವಂತಿಲ್ಲವಾದರೆ ಆತ ಅಪ್ಪಣೆಗೆ ಒಳಪಟ್ಟೇ ಇದ್ದಾನೆ. ಆ ಹಳೆಯ ಕಾನೂನಿನ ಜಾಗಕ್ಕೆ ಈಗ ೨೦೨೦ರ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆ ಬಂದಿದೆ. ೨೦೨೫ರ ನವೆಂಬರ್ ೨೧ರಂದು ಅದು ಜಾರಿಯಾಯಿತು. ದಿನಕ್ಕೆ ಎಂಟು ಗಂಟೆಯ ಮಾತು ಅದರಲ್ಲೂ ಇದೆ. ಕಾಯುವ ಹೊತ್ತಿಗೆ ಪಗಾರ ಕೊಡಬೇಕಾದ ದಿನ ಸ್ಟೋರಿನ ಬಾಗಿಲು ನಾಲ್ಕು ಗಂಟೆಗೇ ತೆರೆಯುತ್ತದೆಂದು ನಮ್ಮ ನಂಬಿಕೆ.

ಕೆಲವು ಮಿತ್ರರು ಹೇಳುತ್ತಾರೆ: ಇದು ಸರಕಾರದ ಕೆಲಸ, ಕೋರ್ಟಿನ ಕೆಲಸ, ನಮ್ಮದಲ್ಲ. ಹೊರದೇಶಗಳಲ್ಲಿ ಕಾನೂನು ಇರುವುದು ನಿಜ. ನ್ಯೂಯಾರ್ಕ್ ನಗರದಲ್ಲಿ ನಿಂತ ಗಾಡಿಯ ಎಂಜಿನನ್ನು ಮೂರು ನಿಮಿಷಕ್ಕಿಂತ ಹೆಚ್ಚು, ಶಾಲೆಯ ಹತ್ತಿರವಾದರೆ ಒಂದು ನಿಮಿಷಕ್ಕಿಂತ ಹೆಚ್ಚು, ತಿರುಗಿಸುವಂತಿಲ್ಲ. ಟ್ರಕ್ಕಿನ ಮೇಲೆ ದೂರು ಕೊಟ್ಟ ನಾಗರಿಕನಿಗೆ ದಂಡದಲ್ಲಿ ಪಾಲೂ ಉಂಟು. ದಿಲ್ಲಿಯಲ್ಲಿ ೨೦೨೦ರ ಅಕ್ಟೋಬರಿನಲ್ಲಿ ಕೆಂಪು ದೀಪಕ್ಕೆ ಎಂಜಿನು ಬಂದ್ ಮಾಡಿರೆಂದು ಸರಕಾರವೇ ಪ್ರಚಾರ ನಡೆಸಿತು. ಮುಂಬಯಿ ಹೈಕೋರ್ಟು ೨೦೨೫ರ ಜನವರಿಯಲ್ಲಿ ನಗರದ ಗಾಳಿಯ ವಿಷಯವನ್ನು ಕೈಗೆತ್ತಿಕೊಂಡು, ಕಟ್ಟಿಗೆ ಕಲ್ಲಿದ್ದಲು ಸುಡುವ ಬೇಕರಿಗಳು ಬೇರೆ ಇಂಧನಕ್ಕೆ ಹೋಗಬೇಕೆಂದು ಆರು ತಿಂಗಳ ಗಡುವು ಕೊಟ್ಟಿತು. ಅದೇ ತಿಂಗಳು, ಪೆಟ್ರೋಲು ಡೀಸೆಲು ಗಾಡಿಗಳನ್ನು ನಿಲ್ಲಿಸಬಹುದೇ ಎಂದು ನೋಡಲು ಮಹಾರಾಷ್ಟ್ರ ಸರಕಾರವು ಏಳು ಜನರ ಸಮಿತಿಯನ್ನು ನೇಮಿಸಿತು. ಹೊಗೆಯ ಮಾತು ಎದ್ದಾಗಲೆಲ್ಲ ಮೊದಲು ಬಿಲ್ಲು ಬರುವುದು ಕೆಳಗಿನವನಿಗೆ. ಮೇಲಿನವರು ತೀರ್ಮಾನಿಸುವ ಮೊದಲೇ ನಮ್ಮ ಮನೆಯನ್ನು ನಾವು ಸರಿಮಾಡಿಕೊಂಡಿದ್ದರೆ, ನಾಳೆ ಅವರೆದುರು ನಿಂತು ಇದರ ಖರ್ಚನ್ನು ಡ್ರಾಯವರನ ತಲೆಗೆ ಕಟ್ಟಬೇಡಿರೆಂದು ಹೇಳಲು ನಮಗೆ ಬಾಯಿ ಇರುತ್ತದೆ.

ಆ ಗಲ್ಲಿಯಲ್ಲಿ ಆದದ್ದೇನೆಂದು ಕೇಳುವಿರಿ. ನಾವು ಎರಡೂ ಕಡೆಯವರನ್ನು ಒಂದೇ ಬಾಂಕಿನ ಮೇಲೆ ಕೂರಿಸಿ ಚಹಾ ಕುಡಿಸಿದೆವು. ಆಮೇಲೆ ಎಲ್ಲರೂ ಒಟ್ಟಾಗಿ ಮೊದಲು ಹೊಟೇಲಿನ ಗಲ್ಲೆಯ ಹತ್ತಿರ, ಅನಂತರ ಗಾಡಿಯ ಶೇಠರ ಹತ್ತಿರ ಹೋದೆವು. ಸ್ಟೋರಿನ ಇನ್ನೊಂದು ಬೀಗದ ಕೈ ರಾತ್ರಿಯ ಅಡಿಗೆಯವರ ಕೈಗೆ ಬಂತು. ಮೂರು ವಾರ ಓಡಾಡಿಸಿದ ಮೇಲೆ ಬ್ಯಾಟರಿಯೂ ಬಂತು. ಮಿಸ್ತ್ರಿ ಸ್ಕ್ರೂವನ್ನು ಮೊದಲಿದ್ದಲ್ಲಿಗೆ ಇಳಿಸಿದ. ಈಗ ಆ ಗಾಡಿ ಬಂದು, ಹತ್ತು ನಿಮಿಷದಲ್ಲಿ ಖಾಲಿಯಾಗಿ ಹೋಗುತ್ತದೆ. ಆದರೆ ಎಲ್ಲವೂ ಸರಿಯಾಯಿತೆಂದು ಹೇಳಿದರೆ ಸುಳ್ಳಾಗುತ್ತದೆ. ಮೀನಿನ ಗಾಡಿಯ ಎಂಜಿನನ್ನು ನಿಲ್ಲಿಸುವಂತಿಲ್ಲ. ಅದನ್ನು ಕಿಟಕಿಯಿಂದ ಇಪ್ಪತ್ತು ಹೆಜ್ಜೆ ಆಚೆ, ದೊಡ್ಡ ರಸ್ತೆಯ ಮಗ್ಗುಲಿಗೆ ಸರಿಸಿದ್ದೇವೆ. ಆರು ಜನರಿಗೆ ಒಂದೇ ಕಿಟಕಿಯ ಅಟ್ಟ ಇನ್ನೂ ಹಾಗೆಯೇ ಇದೆ. ಅದು ಬೇರೆಯೇ ಒಂದು ಹೋರಾಟ, ಅದನ್ನು ಬಿಟ್ಟಿಲ್ಲ.

ಆದುದರಿಂದ ನಮ್ಮ ಸೂಚನೆಗಳು ಇವು. ಒಂದು: ಕೆಲಸಗಾರರು ಮಲಗುವ ಕಿಟಕಿಯ ಕೆಳಗೆ ಯಾವ ಗಾಡಿಯೂ ಎಂಜಿನು ಚಾಲೂ ಇಟ್ಟು ನಿಲ್ಲಕೂಡದು. ಎರಡು: ಬೆಳಗಿನ ಮಾಲು ಇಳಿಸಿಕೊಳ್ಳಲು ಪ್ರತಿ ಹೊಟೇಲಿನಲ್ಲೂ ಒಬ್ಬನ ಕೈಯಲ್ಲಿ ಬೀಗದ ಕೈ ಇರತಕ್ಕದ್ದು, ಹದಿನೈದು ನಿಮಿಷದೊಳಗೆ ಗಾಡಿ ಖಾಲಿಯಾಗತಕ್ಕದ್ದು. ಮೂರು: ಬ್ಯಾಟರಿ, ಫಿಲ್ಟರ್, ನಾಜಲುಗಳ ಖರ್ಚು ಗಾಡಿಯ ಯಜಮಾನರದು, ಸುತ್ತು ಏರಿಸಿ ರೋಗ ಮುಚ್ಚುವ ಕೆಲಸಕ್ಕೆ ಡ್ರಾಯವರನಾಗಲಿ ಮಿಸ್ತ್ರಿಯಾಗಲಿ ಒಪ್ಪಕೂಡದು. ನಾಲ್ಕು: ಕಾಯುವ ಹೊತ್ತನ್ನು ಪ್ರತಿ ಡ್ರಾಯವರನು ಒಂದು ಸಣ್ಣ ಡೈರಿಯಲ್ಲಿ ಬರೆದಿಡಲಿ: ಬಂದ ಗಂಟೆ, ಇಳಿಸಿದ ಗಂಟೆ, ಸ್ಥಳ. ಬರೆಯಲು ಬಾರದವರು ಸಂಘಕ್ಕೆ ಬಂದು ಹೇಳಿದರೆ ನಾವು ಬರೆದುಕೊಡುತ್ತೇವೆ. ಮೂರು ತಿಂಗಳ ಡೈರಿಗಳು ಕೈಯಲ್ಲಿದ್ದರೆ ಲೇಬರ್ ಕಚೇರಿಗೆ ಹೋಗುವಾಗ ಬರಿಗೈಯಲ್ಲಿ ಹೋದಂತಾಗುವುದಿಲ್ಲ.

ಕೊನೆಯದಾಗಿ ಒಂದು ಮಾತು. ಇನ್ನು ಮುಂದೆ ಗಲ್ಲಿಯಲ್ಲಿ ಗಾಡಿ ಗುಡುಗುಡು ಎಂದರೆ ಬಾಲ್ದಿ ಎತ್ತುವ ಮೊದಲು ಕೆಳಗಿಳಿದು ಹೋಗಿ ಕೇಳಿರಿ: "ಅಣ್ಣಾ, ಯಾಕೆ ಬಂದ್ ಮಾಡಲಿಲ್ಲ?" ಆತ ಹೇಳುವ ಕಾರಣವನ್ನು ಪೂರ್ತಿ ಕೇಳಿ, ಅವನನ್ನೂ ಕರೆದುಕೊಂಡು ಸಂಘಕ್ಕೆ ಬನ್ನಿರಿ.